ಪ್ರೌಢಶಾಲಾ ಮಕ್ಕಳ ಸಂಜೆಯ ಖೋ ಖೋ ತರಗತಿ: ಐದು ತಿಂಗಳ ಬಳಿಕ ಒಂದು ವಿಮರ್ಶೆ

ಮೈಸೂರಿನ ನಮ್ಮ ಬಡಾವಣೆಯ ಹಾಲಿನ ಬೂತಿನ ಗೋಡೆಗೆ ಕಳೆದ ಮೇ ತಿಂಗಳಲ್ಲಿ ಒಂದು ಭಿತ್ತಿಪತ್ರ ಅಂಟಿಸಿದ್ದರು. ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ವಾರಕ್ಕೆ 5 ದಿನ, ಸಂಜೆ 5ರಿಂದ 6.30ರವರೆಗೆ ವ್ಯಾಯಾಮ ಮತ್ತು ಖೋ ಖೋ, ತಿಂಗಳಿಗೆ 900 ರೂಪಾಯಿ ಶುಲ್ಕ ಎಂದು ಅದರಲ್ಲಿತ್ತು. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ 'ಮೆದುಳು ಚುರುಕು, ಏಕಾಗ್ರತೆ ಹೆಚ್ಚಳ, ಅಂಕ ಏರಿಕೆ ಖಚಿತ' ಎಂದು ಬರೆದಿದ್ದರು. ಜೂನ್ ಮೊದಲ ವಾರದಲ್ಲಿ ನನ್ನ ಮಗಳನ್ನು ಅಲ್ಲಿಗೆ ಸೇರಿಸಿದೆ. ಈಗ ಅಕ್ಟೋಬರ್ ಮುಗಿದಿದೆ. ತರಗತಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ತರಗತಿಗಳು ಈಗ ಪ್ರತಿ ಊರಿನಲ್ಲೂ ಆರಂಭವಾಗುತ್ತಿರುವುದರಿಂದ, ಸೇರಿಸುವ ಮೊದಲು ಏನನ್ನು ನೋಡಬೇಕು, ಆ ಮೂರು ಮಾತುಗಳಲ್ಲಿ ಎಷ್ಟನ್ನು ನಂಬಬೇಕು ಎಂಬುದು ಬೇರೆ ತಂದೆ ತಾಯಂದಿರಿಗೆ ತಿಳಿಯಲಿ ಎಂಬುದಷ್ಟೇ ನನ್ನ ಉದ್ದೇಶ.

ಸೇರಿಸಲು ಕಾರಣವಿತ್ತು. ಮಗಳು ಒಂಬತ್ತನೇ ತರಗತಿ. ಶಾಲೆ ಮುಗಿಸಿ ಬಂದು, ಏನಾದರೂ ತಿಂದು ಪುಸ್ತಕ ಹಿಡಿದು ಕುಳಿತರೆ ಒಂದೇ ಪುಟವನ್ನು ಮೂರು ಸಲ ಓದುತ್ತಿದ್ದಳು, ಆದರೂ ಏನು ಓದಿದೆ ಎಂದು ಕೇಳಿದರೆ ಮುಖ ನೋಡುತ್ತಿದ್ದಳು. ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ದೈಹಿಕ ಶಿಕ್ಷಣದ ಅವಧಿಗಳಿದ್ದರೂ ಅವುಗಳಲ್ಲಿ ಒಂದು ಹೆಚ್ಚಿನ ವಾರಗಳಲ್ಲಿ ಗಣಿತಕ್ಕೆ ಹೋಗುತ್ತಿತ್ತು. ಹೆಣ್ಣುಮಕ್ಕಳು ಏಳನೇ ತರಗತಿ ದಾಟಿದ ಮೇಲೆ ಮೈದಾನದ ಕಡೆ ಹೋಗುವುದನ್ನೇ ಬಿಡುತ್ತಾರೆ, ಇವಳೂ ಬಿಟ್ಟಿದ್ದಳು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ಸಂಸ್ಥೆಯ ತಜ್ಞರು 146 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, 2016ರಲ್ಲಿ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ಶೇ. 81ರಷ್ಟು ಮಂದಿ ಈ ಮಟ್ಟವನ್ನು ಮುಟ್ಟಿರಲಿಲ್ಲ. ಹುಡುಗಿಯರಲ್ಲಂತೂ ಅದು ಶೇ. 85. ಅಂದರೆ ನಮ್ಮ ಮನೆಯ ಕತೆ ಜಗತ್ತಿನ ಕತೆಯೇ ಆಗಿತ್ತು.

ತರಗತಿ ನಡೆಯುವುದು ಒಂದು ಹಳೆಯ ಶಾಲೆಯ ಮಣ್ಣಿನ ಮೈದಾನದಲ್ಲಿ. ಮೊದಲ 15 ನಿಮಿಷ ಮೈದಾನದ ಸುತ್ತ ಹಗುರವಾದ ಓಟ, ಆಮೇಲೆ 20 ನಿಮಿಷ ಹಗ್ಗದಾಟ ಮತ್ತು 30 ಮೀಟರಿನ ಚುಟುಕು ಓಟಗಳು, ಬಳಿಕ 40 ನಿಮಿಷ ಖೋ ಖೋ, ಕೊನೆಗೆ ಕೈಕಾಲು ಸಡಿಲಿಸುವ ವ್ಯಾಯಾಮ. ತರಬೇತುದಾರರು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು. ಮಕ್ಕಳು ಅವರನ್ನು 'ಮೇಷ್ಟ್ರೇ' ಎಂದೇ ಕರೆಯುತ್ತಾರೆ. ಸುಣ್ಣದ ಗೆರೆಯನ್ನು ದಿನವೂ ತಾವೇ ಎಳೆಯುತ್ತಾರೆ, ಯಾರ ಮೇಲೂ ಕೂಗಾಡುವುದಿಲ್ಲ. ಬಿದ್ದ ಮಗುವನ್ನು ಎಬ್ಬಿಸುವ ಮೊದಲು ಮೊಣಕಾಲನ್ನು ಮುಟ್ಟಿ ನೋಡುತ್ತಾರೆ. ಇಷ್ಟು ನೋಡಿದ ಮೇಲೆ ಶುಲ್ಕದ ಬಗ್ಗೆ ನನಗೆ ಎರಡನೆಯ ಯೋಚನೆ ಬರಲಿಲ್ಲ.

ಇನ್ನು ಭಿತ್ತಿಪತ್ರದ ಮಾತುಗಳಿಗೆ ಬರೋಣ. ಅವುಗಳಲ್ಲಿ ಏಕಾಗ್ರತೆಯ ಮಾತಿಗೆ ಆಧಾರವಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂಬತ್ತು ಹತ್ತು ವರ್ಷದ 20 ಮಕ್ಕಳನ್ನು ಒಂದು ದಿನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ಬಿರುಸಾಗಿ ನಡೆಸಿ, ಇನ್ನೊಂದು ದಿನ ಸುಮ್ಮನೆ ಕೂರಿಸಿ, ಎರಡೂ ದಿನ ಒಂದೇ ಬಗೆಯ ಪರೀಕ್ಷೆ ಕೊಟ್ಟರು. ಪರದೆಯ ಮೇಲೆ ಒಂದೇ ಸಾಲಿನಲ್ಲಿ ಐದು ಗುರುತುಗಳು ಬರುತ್ತವೆ. ಅಕ್ಕಪಕ್ಕದ ನಾಲ್ಕು ಯಾವ ಕಡೆ ತಿರುಗಿದ್ದರೂ ನಡುವಿನದು ಯಾವ ಕಡೆ ತಿರುಗಿದೆ ಎಂಬುದನ್ನಷ್ಟೇ ಹೇಳಬೇಕು. ಕಣ್ಣನ್ನು ಎಳೆಯುವ ನಾಲ್ಕನ್ನು ಕಡೆಗಣಿಸಿ ಬೇಕಾದ ಒಂದನ್ನು ಹಿಡಿಯುವ ಈ ಕೆಲಸವನ್ನು ನಡೆದು ಬಂದ ದಿನ ಮಕ್ಕಳು ಹೆಚ್ಚು ಸರಿಯಾಗಿ ಮಾಡಿದರು. ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯಲ್ಲೂ ಆ ದಿನವೇ ಮುಂದಿದ್ದರು. ಮೈ ದಣಿದಾಗ ಮೆದುಳಿಗೆ ಹರಿಯುವ ರಕ್ತ ಹೆಚ್ಚುತ್ತದೆ, ಎಚ್ಚರವನ್ನೂ ಗಮನವನ್ನೂ ಕಾಯುವ ಡೋಪಮೀನ್, ನಾರ್‌ಎಪಿನೆಫ್ರಿನ್‌ನಂಥ ರಾಸಾಯನಿಕಗಳ ಮಟ್ಟ ಏರುತ್ತದೆ. ಆದರೆ ಈ ಲಾಭ ತಾತ್ಕಾಲಿಕ, ಸ್ವಲ್ಪ ಹೊತ್ತಿನಲ್ಲೇ ಇಳಿದುಹೋಗುವಂಥದ್ದು. ಇದನ್ನು ತಿಳಿದ ಮೇಲೆ ನಾನು ಮನೆಯ ವೇಳೆಯನ್ನು ಬದಲಾಯಿಸಿದೆ. ಮೊದಲು ಆಟದಿಂದ ಬಂದವಳು ಸ್ನಾನ, ಊಟ, ಟಿವಿ ಎಲ್ಲ ಮುಗಿಸಿ ಎಂಟೂವರೆಗೆ ಓದಲು ಕೂರುತ್ತಿದ್ದಳು. ಈಗ ಕೈಕಾಲು ಮುಖ ತೊಳೆದು, ಒಂದು ಬಾಳೆಹಣ್ಣು ತಿಂದು, ಏಳು ಗಂಟೆಗೆಲ್ಲ ಕಷ್ಟವೆನಿಸುವ ವಿಷಯವನ್ನೇ ಮೊದಲು ತೆಗೆಯುತ್ತಾಳೆ. ಆ ಮುಕ್ಕಾಲು ಗಂಟೆಯಲ್ಲಿ ಅವಳು ಮುಗಿಸುವ ಬೀಜಗಣಿತದ ಲೆಕ್ಕಗಳನ್ನು ನೋಡಿದರೆ ನನಗೇ ಆಶ್ಚರ್ಯವಾಗುತ್ತದೆ.

ಮೆದುಳು ಚುರುಕಾಗುತ್ತದೆ ಎಂಬ ಮಾತು ಇನ್ನೂ ಆಳವಾದದ್ದು. ಓಡುವ ಚಕ್ರವಿದ್ದ ಪಂಜರದ ಇಲಿಗಳ ಮೆದುಳಿನಲ್ಲಿ, ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ, ಹೊಸ ನರಕೋಶಗಳು ಹೆಚ್ಚು ಹುಟ್ಟುತ್ತವೆ ಎಂಬುದನ್ನು 1999ರಲ್ಲೇ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯವರು ತೋರಿಸಿದ್ದರು. ನರಕೋಶಗಳನ್ನು ಪೋಷಿಸಿ ಅವುಗಳ ನಡುವಿನ ಕೊಂಡಿಗಳನ್ನು ಬಲಪಡಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನಿನ ಪಾತ್ರವೂ ಇದರಲ್ಲಿದೆ. ಮಕ್ಕಳ ಮೆದುಳನ್ನು ಹಾಗೆ ತೆರೆದು ನೋಡಲಾಗದು. ಆದರೆ ಇಲಿನಾಯ್‌ನಲ್ಲೇ 2010ರಲ್ಲಿ ಒಂಬತ್ತು ಹತ್ತು ವರ್ಷದ 49 ಮಕ್ಕಳ ಎಂಆರ್‌ಐ ತೆಗೆದಾಗ, ದಮ್ಮು, ಅಂದರೆ ಬೇಗ ದಣಿಯದೆ ಓಡುವ ಶಕ್ತಿ, ಹೆಚ್ಚಿದ್ದ ಮಕ್ಕಳ ಹಿಪ್ಪೊಕ್ಯಾಂಪಸ್ ದೊಡ್ಡದಾಗಿತ್ತು, ಒಂದಕ್ಕೊಂದು ಜೋಡಿಸಿ ನೆನಪಿಡುವ ಕೆಲಸದಲ್ಲೂ ಅವರೇ ಮುಂದಿದ್ದರು. ಸ್ವೀಡನ್ನಿನಲ್ಲಿ 1950ರಿಂದ 1976ರ ನಡುವೆ ಹುಟ್ಟಿ 18ರ ವಯಸ್ಸಿನಲ್ಲಿ ಸೇನಾ ಆಯ್ಕೆಗೆ ಬಂದ 12 ಲಕ್ಷ ಯುವಕರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ ನನಗೆ ಇನ್ನೂ ಕುತೂಹಲಕರವೆನಿಸಿತು. ಹೃದಯ ಮತ್ತು ಶ್ವಾಸಕೋಶದ ಕ್ಷಮತೆ ಹೆಚ್ಚಿದ್ದವರು ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ಮುಂದಿದ್ದರು, ಆದರೆ ಬರೀ ತೋಳ್ಬಲಕ್ಕೂ ಬುದ್ಧಿಮತ್ತೆಗೂ ಅಂಥ ನಂಟು ಕಾಣಲಿಲ್ಲ. 15ರಿಂದ 18ರ ನಡುವೆ ದಮ್ಮು ಬೆಳೆಸಿಕೊಂಡವರಿಗೆ ಅದರ ಫಲ 18ರ ಪರೀಕ್ಷೆಯಲ್ಲಿ ಕಂಡಿತ್ತು. ಹತ್ತನೇ ತರಗತಿಗೆ ಬಂದೊಡನೆ ಆಟ ಬಿಡಿಸುವ ನಮ್ಮ ಪದ್ಧತಿಯನ್ನು ಈ ವಯಸ್ಸಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಆದರೂ ಇವೆಲ್ಲ ನಂಟುಗಳು. ಓಡಿದ್ದರಿಂದಲೇ ಹೀಗಾಯಿತು ಎಂದು ಹೇಳಲು ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಬೇಕು. ಅಂಥವೂ ಇವೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ತೂಕ ಹೆಚ್ಚಿದ್ದ 7ರಿಂದ 11 ವರ್ಷದ 171 ಮಕ್ಕಳಲ್ಲಿ ಕೆಲವರಿಗೆ ಶಾಲೆಯ ಬಳಿಕ ದಿನಕ್ಕೆ 20 ನಿಮಿಷ, ಕೆಲವರಿಗೆ 40 ನಿಮಿಷ ಓಟದ ಆಟಗಳನ್ನು ಆಡಿಸಿ, ಉಳಿದವರನ್ನು ಹಾಗೇ ಬಿಟ್ಟರು. ಸುಮಾರು ಮೂರು ತಿಂಗಳಲ್ಲಿ, ಮುಂದಾಲೋಚಿಸಿ ಯೋಜಿಸುವ ಶಕ್ತಿ ಹೆಚ್ಚು ಆಡಿದವರಲ್ಲಿ ಹೆಚ್ಚು ಬೆಳೆದಿತ್ತು, ಗಣಿತದಲ್ಲೂ ಅದರ ಸುಳಿವು ಕಂಡಿತು. ಇದು 2011ರ ಮಾತು. ಮತ್ತೊಂದು ಕಡೆ, 2023ರಲ್ಲಿ ಸ್ಪೇನಿನ ಸಂಶೋಧಕರು ಎಲ್ಲ ವಯಸ್ಸಿನ ಆರೋಗ್ಯವಂತರ ಮೇಲೆ ನಡೆದ 109 ಪ್ರಯೋಗಗಳನ್ನು ಮತ್ತೆ ಜಾಲಾಡಿ, ನಿಯಮಿತ ವ್ಯಾಯಾಮದಿಂದ ಬುದ್ಧಿಶಕ್ತಿಗೆ ಆಗುವ ಲಾಭ ಇದುವರೆಗೆ ಹೇಳಿಕೊಂಡು ಬಂದುದಕ್ಕಿಂತ ತುಂಬಾ ಚಿಕ್ಕದಿರಬಹುದು, ಆಧಾರಗಳೂ ಗಟ್ಟಿಯಾಗಿಲ್ಲ ಎಂದು ಬರೆದರು. ಆದ್ದರಿಂದ 'ಖಚಿತ' ಎಂಬ ಪದವನ್ನು ಆ ಭಿತ್ತಿಪತ್ರದಿಂದ ತೆಗೆಯಲೇಬೇಕು. ಇದನ್ನು ನಾನು ತರಗತಿಯ ವ್ಯವಸ್ಥಾಪಕರಿಗೆ ಎರಡು ಸಲ ಹೇಳಿದ್ದೇನೆ. ಮಗುವಿಗೆ ಅಂಕ ಬರದಿದ್ದಾಗ ತಂದೆ ತಾಯಿ ಆಟವನ್ನೇ ದೂರುವಂತಾಗಬಾರದು ಎಂಬುದು ನನ್ನ ಕಳಕಳಿ.

ಈ ತರಗತಿಯನ್ನು ನಾನು ಮೆಚ್ಚಲು ಮುಖ್ಯ ಕಾರಣ ಅವರು ಆರಿಸಿಕೊಂಡ ಆಟ. ಕೆನಡಾದ ಅಡೆಲ್ ಡೈಮಂಡ್ ಅವರಂಥ ಸಂಶೋಧಕರು ಬಹಳ ಕಾಲದಿಂದ ಒಂದು ಮಾತನ್ನು ಒತ್ತಿ ಹೇಳುತ್ತಿದ್ದಾರೆ. ಯೋಚನೆಗೆ ಕೆಲಸವಿಲ್ಲದ ಬರೀ ಓಟದಿಂದ ಮನಸ್ಸಿನ ಹಿಡಿತ ಅಷ್ಟಾಗಿ ಬೆಳೆಯುವುದಿಲ್ಲ, ಓಡುತ್ತಲೇ ನಿರ್ಧರಿಸಬೇಕಾದ, ತಡೆದುಕೊಳ್ಳಬೇಕಾದ, ಯೋಜನೆ ಬದಲಿಸಬೇಕಾದ ಚಟುವಟಿಕೆ ಬೇಕು ಎಂಬುದು ಅವರ ವಾದ. ಖೋ ಖೋವನ್ನು ಒಂದು ಸಂಜೆ ಗೆರೆಯ ಬಳಿ ನಿಂತು ನೋಡಿದರೆ ಈ ಮೂರೂ ಅದರಲ್ಲಿ ಹೇಗೆ ಹೆಣೆದುಕೊಂಡಿವೆ ಎಂಬುದು ಗೊತ್ತಾಗುತ್ತದೆ. ಎರಡು ಕಂಬಗಳ ನಡುವಿನ ಸಾಲಿನಲ್ಲಿ ಎಂಟು ಮಂದಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾರೆ, ಒಂಬತ್ತನೆಯವರು ಅಟ್ಟುತ್ತಾರೆ. ಓಡುವವರು ಸಾಲಿನ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು, ಅಟ್ಟುವವರು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ. ಕೈಗೆ ಸಿಕ್ಕಂತೆ ಕಾಣುವ ಓಟಗಾರ್ತಿ ಪಕ್ಕಕ್ಕೆ ಜಿಗಿದಾಗ ಹಿಂದೆಯೇ ತಿರುಗಬೇಕೆಂದು ಕಾಲು ತವಕಿಸುತ್ತದೆ. ಆ ತವಕವನ್ನು ಅಲ್ಲೇ ಅದುಮಿ, ಸರಿಯಾದ ಕಡೆ ಮುಖ ಮಾಡಿ ಕುಳಿತವರ ಬೆನ್ನು ಮುಟ್ಟಿ 'ಖೋ' ಕೊಡಬೇಕು. ಕುಳಿತವರಿಗೂ ಬಿಡುವಿಲ್ಲ, ಮೂವರು ಓಟಗಾರರು ಎಲ್ಲೆಲ್ಲಿದ್ದಾರೆ ಎಂಬುದನ್ನು ಬೆನ್ನಿಗೆ ಕೈ ಬೀಳುವ ಮೊದಲೇ ತಲೆಯಲ್ಲಿ ಇಟ್ಟುಕೊಂಡಿರಬೇಕು.

ಮೊದಲ ಎರಡು ವಾರ ನನ್ನ ಮಗಳು ಪ್ರತಿ ಸರದಿಯಲ್ಲೂ ಫೌಲ್ ಮಾಡುತ್ತಿದ್ದಳು. ಕಾಲು ಗೆರೆ ದಾಟಿಬಿಡುತ್ತಿತ್ತು, ಮೇಷ್ಟರು ಸೀಟಿ ಊದಿ ಅವಳನ್ನು ಮತ್ತೆ ಹಿಂದಿನ ಜಾಗಕ್ಕೆ ಕಳುಹಿಸುತ್ತಿದ್ದರು. ಸೆಪ್ಟೆಂಬರಿನ ಒಂದು ರಾತ್ರಿ ಊಟದ ಮೇಜಿನ ಮೇಲೆ ಎಂಟು ಕಡಲೆಕಾಯಿ ಬೀಜಗಳನ್ನು ಸಾಲಾಗಿ ಇಟ್ಟು, ಉಪ್ಪಿನ ಡಬ್ಬಿಯನ್ನು ಕಂಬ ಮಾಡಿ, ಅಂದಿನ ಆಟವನ್ನು ನನಗೆ ವಿವರಿಸಿದಳು: "ಅಮ್ಮಾ, ಇಲ್ಲಿ ಕೂತಿದ್ದವಳಿಗೆ ಖೋ ಕೊಟ್ಟಿದ್ರೆ ಆ ಹುಡುಗಿ ಈ ಸಂದಿಯಲ್ಲಿ ಆ ಕಡೆ ಹೋಗ್ತಿದ್ಲು. ಅವಳ ಭುಜ ಆಗಲೇ ತಿರುಗಿತ್ತು. ಅದಕ್ಕೇ ಇವಳನ್ನ ಬಿಟ್ಟು ಮುಂದಿನವಳಿಗೆ ಕೊಟ್ಟೆ." ಒಂದು ಬೀಜವನ್ನು ಬಿಟ್ಟು ಮುಂದಿನದರ ಮೇಲೆ ಬೆರಳಿಟ್ಟಿದ್ದಳು. ಭುಜ ತಿರುಗಿದ್ದನ್ನು ನೋಡುವುದು, ಹತ್ತಿರದ ಆಸೆಯನ್ನು ಬಿಡುವುದು, ಮುಂದಿನ ಹೆಜ್ಜೆಯನ್ನು ಲೆಕ್ಕ ಹಾಕುವುದು, ಇವೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗಿದ್ದವು. ಹಣೆಯ ಹಿಂದಿನ ಮೆದುಳಿನ ಭಾಗ, ಇಂಥ ತಡೆ ಮತ್ತು ಯೋಜನೆಯ ಕೆಲಸಗಳ ಮನೆ, ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಹದಿನಾಲ್ಕರ ಹುಡುಗಿ ದಿನಕ್ಕೆ ನೂರು ಸಲ ಅದನ್ನು ಹೀಗೆ ದುಡಿಸುತ್ತಿದ್ದಾಳೆ ಎಂಬುದು ನನಗೆ ಯಾವ ಅಂಕಪಟ್ಟಿಗಿಂತಲೂ ದೊಡ್ಡ ಸಮಾಧಾನ.

ಈ ಆಟಕ್ಕೆ ನಮ್ಮ ಜಿಲ್ಲೆಯಲ್ಲಿ ಆಳವಾದ ಬೇರೂ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಮೇಷ್ಟರು ಅವರ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದಾರೆ, ಹುಡುಗಿಯರು ಹಗ್ಗ ತೆಗೆಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ.

ಸರಿಯೆನಿಸದ ಸಂಗತಿಗಳನ್ನೂ ಹೇಳಬೇಕು. ಸೇರಿದ ದಿನ ಮಕ್ಕಳಿಗೆ ಮೊಬೈಲಿನಲ್ಲಿ 'ಮೆದುಳಿನ ಪರೀಕ್ಷೆ' ಎಂದು ಒಂದು ಆಟ ಆಡಿಸಿದರು, ನಾನು ಮೇಲೆ ಹೇಳಿದ ಐದು ಗುರುತುಗಳ ಪರೀಕ್ಷೆಯ ಹಾಗೆಯೇ ಇತ್ತು. ಮೂರು ತಿಂಗಳ ಬಳಿಕ ಅದನ್ನೇ ಮತ್ತೆ ಆಡಿಸಿ, ಎರಡೂ ಅಂಕಗಳನ್ನು ಬಣ್ಣದ ಹಾಳೆಯಲ್ಲಿ ಮುದ್ರಿಸಿ, ಇದು ತರಬೇತಿಯ ಫಲ ಎಂದು ಮನೆಗೆ ಕಳುಹಿಸಿದರು. ಮಗಳ ಅಂಕ ಏರಿತ್ತು. ಆದರೆ ಒಂದೇ ಪರೀಕ್ಷೆಯನ್ನು ಎರಡನೆಯ ಸಲ ಬರೆದವರು ಅಭ್ಯಾಸಬಲದಿಂದಲೇ ಚೆನ್ನಾಗಿ ಮಾಡುತ್ತಾರಲ್ಲವೇ? ಮೈದಾನಕ್ಕೆ ಒಂದು ದಿನವೂ ಹೋಗದ ನನ್ನ ಆರನೇ ತರಗತಿಯ ಮಗನಿಗೆ ಅದೇ ಆಟವನ್ನು ಹತ್ತು ದಿನಗಳ ಅಂತರದಲ್ಲಿ ಎರಡು ಸಲ ಆಡಿಸಿದೆ. ಅವನ ಅಂಕವೂ ಏರಿತು. ತರಬೇತಿ ಇಲ್ಲದ ಮಕ್ಕಳ ಜೊತೆ ಹೋಲಿಸದೆ ಕೊಡುವ ಇಂಥ ಹಾಳೆಗೆ ಬೆಲೆಯಿಲ್ಲ, ಅದಕ್ಕೆಂದು ಮೊದಲ ತಿಂಗಳು ಪಡೆದ 150 ರೂಪಾಯಿಯನ್ನು ನಿಲ್ಲಿಸಬೇಕು. ಅದರ ಬದಲು ದಮ್ಮನ್ನೇ ಅಳೆಯಲಿ. ಖೇಲೋ ಇಂಡಿಯಾ ಯೋಜನೆಯಡಿ ಶಾಲಾ ಮಕ್ಕಳಿಗೆ ಮಾಡುವ ಪರೀಕ್ಷೆಗಳಲ್ಲಿ 600 ಮೀಟರ್ ಓಟವಿದೆ; ಒಂದು ಗಡಿಯಾರವಿದ್ದರೆ ಸಾಕು, ಅದಕ್ಕೆ ಬಣ್ಣದ ಹಾಳೆ ಬೇಕಾಗಿಲ್ಲ.

ಎರಡನೆಯದು ಮಕ್ಕಳ ಸಂಖ್ಯೆ. ಜೂನ್‌ನಲ್ಲಿ 22 ಮಕ್ಕಳಿದ್ದರು, ಆಗಸ್ಟ್ ಹೊತ್ತಿಗೆ 37 ಆದರು, ತರಬೇತುದಾರರು ಮಾತ್ರ ಒಬ್ಬರೇ. ಒಂದು ಸಂಜೆ ಗಡಿಯಾರ ಹಿಡಿದು ನೋಡಿದೆ: 40 ನಿಮಿಷಗಳ ಖೋ ಖೋ ಅವಧಿಯಲ್ಲಿ ಮಗಳು 17 ನಿಮಿಷ ಸರದಿಗಾಗಿ ಬದಿಯಲ್ಲಿ ನಿಂತಿದ್ದಳು. ಸಾಲಿನಲ್ಲಿ ಕುಳಿತಿರುವುದು ಬೇರೆ, ಅದು ಆಟದ ಒಳಗಿನ ಕೆಲಸ. ಬದಿಯಲ್ಲಿ ನಿಂತು ಹರಟುವುದರಿಂದ ಉಸಿರೂ ಏರುವುದಿಲ್ಲ, ಗಮನವೂ ಬೆಳೆಯುವುದಿಲ್ಲ. ಇನ್ನೊಂದು ಅಂಕಣ ಎಳೆಯಲು ಜಾಗವಿದೆ, ಇನ್ನೊಬ್ಬ ತರಬೇತುದಾರರನ್ನು ನೇಮಿಸಿಕೊಳ್ಳಬೇಕಷ್ಟೆ. ಜುಲೈ ಮಳೆಯಲ್ಲಿ ಒಂಬತ್ತು ದಿನ ತರಗತಿ ನಡೆಯಲಿಲ್ಲ. ಶಾಲೆಯ ಜಗುಲಿಯಲ್ಲಿ ಹಗ್ಗದಾಟವನ್ನಾದರೂ ಆಡಿಸಬಹುದಿತ್ತು. ಕುಡಿಯುವ ನೀರನ್ನು ಮನೆಯಿಂದಲೇ ಕಳುಹಿಸಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ತರಗತಿಯ ನಡವಳಿಕೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ, ಅನುಕೂಲಕ್ಕೆ ಕೊಡುವುದಿಲ್ಲ. ಮೈದಾನದ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ತಾಯಂದಿರು ನಾಲ್ವರು ಸೇರಿ ಕೇಳಿದ ಮೇಲೆ ಚಿಲಕ ಬಂತು, ಬಕೆಟ್ಟೂ ಬಂತು, ದೀಪ ಇನ್ನೂ ಬಂದಿಲ್ಲ. ಮುಟ್ಟಿನ ದಿನಗಳಲ್ಲಿ ಯಾರಾದರೂ ಆಡಲಾಗದು ಎಂದರೆ ಮೇಷ್ಟರು ಕಾರಣ ಕೇಳದೆ ಅಂಕ ಬರೆಯುವ ಪುಸ್ತಕ ಕೈಗೆ ಕೊಡುತ್ತಾರೆ. ಹಾಗಾಗಿ ಆ ದಿನಗಳಲ್ಲೂ ಹುಡುಗಿಯರು ಬರುತ್ತಾರೆ, ಹೆಚ್ಚಿನವರು ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಆಟಕ್ಕೆ ಇಳಿಯುತ್ತಾರೆ. ಹದಿನಾಲ್ಕರ ಹುಡುಗಿ ಮೈದಾನವನ್ನು ಬಿಡದಿರಲು ಇಂಥ ಸಣ್ಣ ಸೂಕ್ಷ್ಮಗಳೇ ಸಾಕಾಗುತ್ತವೆ.

ಅಂಕದ ಮಾತನ್ನು ಕೇಳುವವರಿಗಾಗಿ: ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಗಳಿಗೆ ಗಣಿತದಲ್ಲಿ ಹೋದ ವರ್ಷಕ್ಕಿಂತ ಹೆಚ್ಚು ಬಂದಿದೆ, ಸಮಾಜ ವಿಜ್ಞಾನದಲ್ಲಿ ಕಡಿಮೆ ಬಂದಿದೆ. ಒಬ್ಬ ಹುಡುಗಿಯ ಒಂದು ಪರೀಕ್ಷೆಯಿಂದ ನಾನು ಏನನ್ನೂ ಸಾಧಿಸಲಾರೆ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬಲ್ಲೆ. ರಾತ್ರಿ ಹನ್ನೊಂದೂವರೆವರೆಗೆ ಹೊರಳಾಡುತ್ತಿದ್ದವಳು ಈಗ ಹತ್ತಕ್ಕೆಲ್ಲ ನಿದ್ದೆಹೋಗುತ್ತಾಳೆ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ ಆದ್ದರಿಂದ ಇದನ್ನು ನಾನು ಓದಿನ ಲಾಭವೆಂದೇ ಎಣಿಸುತ್ತೇನೆ. ತಪ್ಪಾದ ಲೆಕ್ಕವನ್ನು ಗೀಚಿ ಪುಸ್ತಕ ಮುಚ್ಚುತ್ತಿದ್ದವಳು ಈಗ ಇನ್ನೊಂದು ದಾರಿಯಲ್ಲಿ ಮಾಡಿ ನೋಡುತ್ತಾಳೆ. ತಮ್ಮನ ಮೇಲೆ ರೇಗುವುದು ಕಡಿಮೆಯಾಗಿದೆ ಎಂದು ತಮ್ಮನೇ ಹೇಳಿದ್ದಾನೆ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಆಟದ ಆಯ್ಕೆಗೂ ಮೇಷ್ಟರ ರೀತಿಗೂ ಪೂರ್ತಿ ಐದು ಕೊಡಬಹುದು. ಜನಜಂಗುಳಿ, ಆ ಬಣ್ಣದ ಹಾಳೆ ಮತ್ತು 'ಖಚಿತ' ಎಂಬ ಮಾತು ಒಂದೂವರೆಯನ್ನು ತಿಂದುಹಾಕಿವೆ. ನಿಮ್ಮ ಊರಿನಲ್ಲಿ ಇಂಥದ್ದಕ್ಕೆ ಸೇರಿಸುವುದಾದರೆ ಭಿತ್ತಿಪತ್ರವನ್ನು ಓದಿ ತೀರ್ಮಾನಿಸಬೇಡಿ, ಒಂದು ಸಂಜೆ ಹೋಗಿ ನಿಮ್ಮ ಮಗು ಎಷ್ಟು ನಿಮಿಷ ಓಡುತ್ತದೆ, ಎಷ್ಟು ನಿಮಿಷ ನಿಂತಿರುತ್ತದೆ ಎಂದು ಎಣಿಸಿ. ಬರುವ ಜೂನ್‌ಗೆ ನನ್ನ ಮಗಳು ಹತ್ತನೇ ತರಗತಿಗೆ ಕಾಲಿಡುತ್ತಾಳೆ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಆಟ ಬೇಡವೆಂದು ಬಂಧುಗಳು ಈಗಲೇ ಹೇಳತೊಡಗಿದ್ದಾರೆ. ಪೂರ್ವಸಿದ್ಧತಾ ಪರೀಕ್ಷೆಯ ದಿನಗಳಲ್ಲೂ ಅವಳನ್ನು ಐದು ಗಂಟೆಗೆ ಮೈದಾನಕ್ಕೆ ಕಳುಹಿಸುವುದೆಂದು ನಾನೂ ನನ್ನ ಯಜಮಾನರೂ ಮಾತಾಡಿಕೊಂಡಿದ್ದೇವೆ, ಮೇಷ್ಟರಿಗೂ ತಿಳಿಸಿದ್ದೇವೆ.